ಮೇಸ್ತ್ರಿಯ ಸ್ಕೇಲು

ಎರಕದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಅಚ್ಚು ಮೇಸ್ತ್ರಿ ಎನ್ನುತ್ತಿದ್ದರು. ಕಬ್ಬಿಣ ಸುರಿಯುವ ಮೊದಲು ಮರಳಿನಲ್ಲಿ ಒತ್ತುವ ಮರದ ಅಚ್ಚುಗಳನ್ನು ಮೂವತ್ತು ವರ್ಷ ಕೆತ್ತಿದವನು. ಬಾಯಿ ಅವನ ಉಳಿಗಿಂತ ಹರಿತ. ಅಂಥವನನ್ನು ಮ್ಯಾನೇಜರ್ ಒಂದು ದಿನ ಕರೆದ.

"ಮರದ ಕೋಣೆ ಮುಚ್ತಾ ಇದ್ದೀವಿ. ಇನ್ಮೇಲೆ ಅಚ್ಚನ್ನ ಕಂಪ್ಯೂಟರಲ್ಲಿ ಮಾಡಿ ಮಷೀನಿಗೆ ಕಳಿಸೋದು. ಒಂದು ತಿಂಗಳು ಕಲಿತು ಪಂಪಿನ ಅಚ್ಚು ಮಾಡಿ ತೋರಿಸಿ. ಆಗದಿದ್ರೆ ಪ್ಯಾಕಿಂಗಿಗೆ ಹೋಗಿ."

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ಕಲಿಸಲು ಕೂತವಳು ಅದೇ ಕಾರ್ಖಾನೆಯ ಡಿಸೈನ್ ಕೋಣೆಯಲ್ಲಿದ್ದ ಅವನ ಸೊಸೆ. ಮಗ ತಾನೇ ಮೆಚ್ಚಿ ಕಟ್ಟಿಕೊಂಡ ಈ ಹುಡುಗಿಯನ್ನು ಕಂಡರೆ ಅವನಿಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅವಳಿಗೂ ಅವನೆಂದರೆ ಅಷ್ಟಕ್ಕಷ್ಟೇ. ಮನೆಯಲ್ಲಿ ಅವಳ ಅಡುಗೆಗೆ ಅವನು ಮೂಗು ಮುರಿಯುತ್ತಿದ್ದ. ಡಿಸೈನ್ ಕೋಣೆಯಲ್ಲಿ ಅವಳ ಸರದಿ ಬಂತು.

"ವೃತ್ತ ಬರೀರಿ, ಮಾವ. ಈಗ ಎಕ್ಸ್‌ಟ್ರೂಡ್. ಅಂದ್ರೆ ಮೇಲಕ್ಕೆ ಎಳೀರಿ."

ಎಳೆದ. ವೃತ್ತ ಕಂಬವಾಯಿತು.

"ಮರದಲ್ಲಾದ್ರೆ ಇದಕ್ಕೆ ಅರ್ಧ ದಿನ ಬೇಕು," ಎಂದ.

"ಇಲ್ಲಿ ಅರ್ಧ ನಿಮಿಷ. ನೀವು ಹತ್ತು ತಗೊಂಡ್ರಿ."

ಬಟ್ಟಲಿನ ಅಂಚನ್ನು ಅರ್ಧ ಬರೆದು ನಡುಗೆರೆಯ ಸುತ್ತ ತಿರುಗಿಸಿದರೆ ರಿವಾಲ್ವ್, ಗಟ್ಟಿಯೊಳಗಿಂದ ಕೊರೆದು ತೆಗೆದರೆ ಕಟ್, ಚೂಪು ಮೂಲೆಯನ್ನು ದುಂಡಗೆ ಮಾಡಿದರೆ ಫಿಲೆಟ್. ಎಲ್ಲ ಅವನ ಕೈಗೆ ಗೊತ್ತಿದ್ದ ಕೆಲಸಗಳೇ, ಹೆಸರು ಮಾತ್ರ ಬೇರೆ. ಅವನ ಹೊಟ್ಟೆ ಉರಿದದ್ದೇ ಅದಕ್ಕೆ. ತಪ್ಪನ್ನು ಅಳಿಸುವ ಗುಂಡಿ ಕಂಡಾಗಲಂತೂ ಮೈ ಪರಚಿಕೊಳ್ಳುವಂತಾಯಿತು.

"ತಪ್ಪಿದ್ರೂ ಮರ ಹಾಳಾಗಲ್ಲ ಅಂದ್ರೆ ಅದೂ ಒಂದು ಕೆಲಸಾನಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವಳು ಪರದೆಗೆ ಹೇಳಿದಳು. ಅವನಿಗೆ ಕೇಳಲೆಂದೇ ಹೇಳಿದ್ದು.

ಹಟಕ್ಕೆ ಬಿದ್ದು ಕಲಿತ. ತಿಂಗಳ ಕೊನೆಗೆ ಪಂಪಿನ ಅಚ್ಚು ಪರದೆಯ ಮೇಲೆ ನಿಂತಿತು. ನಕ್ಷೆಯ ಒಂದೊಂದು ಅಂಕಿಯೂ ಸರಿ. ಎಷ್ಟು ಹುಡುಕಿದರೂ ಅವಳಿಗೆ ತಪ್ಪು ಸಿಗಲಿಲ್ಲ. ಆ ಸಂಕಟವನ್ನು ಅವಳ ಮುಖದಲ್ಲಿ ಕಂಡು ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಸ್ಕೇಲ್ ಹಾಕಿದ್ರಾ?" ಏಳುತ್ತ ಕೇಳಿದಳು.

ಅವನು ಮೇಲಂಗಿಯ ಉದ್ದ ಜೇಬಿನಲ್ಲಿದ್ದ ಉಕ್ಕಿನ ಪಟ್ಟಿಯನ್ನು ತಟ್ಟಿದ. "ನೀನು ಹುಟ್ಟೋಕೆ ಮುಂಚಿಂದ ಹಾಕ್ತಿದ್ದೀನಿ. ಸ್ಕೇಲಿನ ಪಾಠ ನಿನ್ನಿಂದ ಬೇಡ."

"ಸರಿ, ಕಳಿಸಿ."

ಎಡವಟ್ಟಾದದ್ದು ಇಲ್ಲೇ. ಕರಗಿದ ಕಬ್ಬಿಣ ಆರುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ, ಅದಕ್ಕೆ ಅಚ್ಚು ಅಷ್ಟು ದೊಡ್ಡದಿರಬೇಕು. ಕಂಪ್ಯೂಟರಿನಲ್ಲಿ ಇಡೀ ಅಚ್ಚನ್ನು ಹಾಗೆ ಹಿಗ್ಗಿಸುವ ಗುಂಡಿಯ ಹೆಸರು ಸ್ಕೇಲ್. ಮೇಸ್ತ್ರಿಯ ಜೇಬಿನಲ್ಲಿದ್ದದ್ದು ಅಚ್ಚಿನವರ ಸ್ಕೇಲು. ಅದರ ಗೆರೆಗಳನ್ನೇ ಹಿಗ್ಗಿಸಿ ಕೊರೆದಿರುತ್ತಾರೆ; ಅದರಲ್ಲಿ ನೂರು ಎಂದರೆ ನಿಜಕ್ಕೆ ನೂರಾ ಒಂದು. ಮೂವತ್ತು ವರ್ಷವೂ ಅವನು ನಕ್ಷೆಯ ಅಂಕಿಯನ್ನೇ ಅಳೆದಿದ್ದ. ಆ ಒಂದನ್ನು ಕೂಡಿಸುತ್ತಿದ್ದದ್ದು ಪಟ್ಟಿ, ಹೆಸರು ಬಂದದ್ದು ಅವನ ಕೈಗೆ.

ಎರಕ ಆರಿ ಬಂದಾಗ ಪಂಪಿನ ಮುಚ್ಚಳ ಅದರ ಮೇಲೆ ಕೂರಲಿಲ್ಲ. ಬೋಲ್ಟಿನ ತೂತುಗಳು ಅತ್ತೆ ಸೊಸೆಯರ ಹಾಗೆ ಒಂದು ಈ ಕಡೆ, ಒಂದು ಆ ಕಡೆ.

"ಸ್ಕೇಲ್ ಯಾಕೆ ಹಾಕಿಲ್ಲ?" ಮ್ಯಾನೇಜರ್ ಕೇಳಿದ.

"ನಾನು ಕೇಳಿದ್ದೆ ಸಾರ್. ಹಾಕಿದ್ದೀನಿ ಅಂದ್ರು," ಎಂದಳು ಸೊಸೆ.

"ಇದೇನು ಮತ್ತೆ?" ಎಂದು ಮೇಸ್ತ್ರಿ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದ.

ಯಾರೋ ಕಿಸಕ್ಕನೆ ನಕ್ಕರು. ಸೊಸೆ ನಗಲಿಲ್ಲ. ಪಟ್ಟಿಯನ್ನು ತನ್ನ ಸ್ಕೇಲಿನ ಪಕ್ಕಕ್ಕೆ ಜೋಡಿಸಿದಳು. ಅವನ ಮುನ್ನೂರರ ಗೆರೆ ಅವಳದ್ದಕ್ಕಿಂತ ಮೂರು ಗೆರೆ ಮುಂದಿತ್ತು.

"ಇದನ್ನ ಮೊದಲೇ ಯಾಕೆ ತೋರಿಸಲಿಲ್ಲ, ಮಾವ?"

"ನೀನು ಯಾವತ್ತಾದರೂ ಕೇಳಿದ್ದೀಯಾ?"

ಉತ್ತರ ಕೊಟ್ಟವನು ಮ್ಯಾನೇಜರ್: ಪ್ಯಾಕಿಂಗು.

ಸೋಮವಾರ ಪ್ಯಾಕಿಂಗ್ ಕೋಣೆಯಲ್ಲಿ ಪಂಪಿಗೆ ಮರದ ಪೆಟ್ಟಿಗೆ ಮಾಡುವ ಕೆಲಸ ಕೊಟ್ಟರು. ಮರವಾದರೂ ಕೈಗೆ ಸಿಕ್ಕಿತಲ್ಲ ಎಂದುಕೊಂಡ. ಸೊಸೆಯನ್ನು ಮನಸ್ಸಿನಲ್ಲೇ ಬೈಯುತ್ತ ಅಳೆದ, ಕೊಯ್ದ, ಮೊಳೆ ಹೊಡೆದ. ಪಂಪನ್ನು ಇಳಿಸಿದರೆ ಒಳಗೆ ಲೊಟಲೊಟ ಅಲುಗಾಡಿತು.

ಅಲ್ಲಿನ ಹೆಂಗಸು ಬಂದು ಅವನ ಪಟ್ಟಿಯನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟಳು. ಗೋಡೆಯ ಮೊಳೆಗೆ ನೇತಾಡುತ್ತಿದ್ದ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಕೊಟ್ಟಳು.

"ತಗೊಳ್ಳಿ, ಇದು ಸರಿಯಾದ ಸ್ಕೇಲು."

ಅವನು ತೆಗೆದುಕೊಂಡ.