ಡ್ಯೂಟಿ ಅಕ್ಕನ ಬಲಾಬಲ ಪಟ್ಟಿ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಡ್ಯೂಟಿ ಅಕ್ಕ ಅಂತಲೇ. ಯಾವ ಡ್ರೈವರ್ ಯಾವ ಬಸ್ಸು ಹತ್ತಬೇಕು, ಯಾವ ಕಂಡಕ್ಟರ್ ಯಾರ ಜೊತೆ ಹೋಗಬೇಕು ಅನ್ನುವ ಪಟ್ಟಿ ಬರೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಕಬ್ಬಿಣದ ಮೇಜು, ಒಂದು ಕಾಲು ಮೋಟಾದ ಅದೇ ಕುರ್ಚಿ. ಅವಳ ಗಂಡ ಅದೇ ಡಿಪೋದ ಡ್ರೈವರ್. ಮದುವೆಯಾದ ಹೊಸದರಲ್ಲಿ ಜನ ಕಣ್ಣಲ್ಲಿ ಕಣ್ಣಿಟ್ಟು ಕಾದರು, ಈಕೆ ಗಂಡನಿಗೆ ಸುಖದ ಡ್ಯೂಟಿ ಹಾಕುತ್ತಾಳೋ ಇಲ್ಲವೋ ಅಂತ. ಅವಳು ಅವನನ್ನು ಬೆಳಗಿನ ನಾಲ್ಕು ಮುಕ್ಕಾಲರ ಬಸ್ಸಿಗೆ ಹಾಕಿದಳು, ಅದೂ ಅತಿ ಕೆಟ್ಟ ರಸ್ತೆಗೆ. ಕಾದವರ ಬಾಯಿ ಬಂದ್. ಗಂಡ ಪಾಪ ಇವತ್ತಿಗೂ ಹೇಳುತ್ತಾನೆ, "ಬೇರೆಯವರಿಗೆ ಹೆಂಡತಿ ಸಿಕ್ಕಳು, ನನಗೆ ಮೇಲಧಿಕಾರಿ ಸಿಕ್ಕಳು."

ಇಂಥವಳ ಕೈಗೆ ಫೋನಿನ ಯುದ್ಧದಾಟ ಕೊಟ್ಟವಳು ಅವಳ ಮಗಳು. ಮಗಳು ಬೇರೆ ಊರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನಾ ಸಂಜೆ ಫೋನು ಮಾಡುತ್ತಿದ್ದಳು, ಆದರೆ "ಊಟ ಆಯ್ತಾ?" "ಆಯ್ತು, ನಿಂದು?" ಅಂದ ಮೇಲೆ ಇಬ್ಬರಿಗೂ ಮಾತೇ ಹುಟ್ಟುತ್ತಿರಲಿಲ್ಲ. ಒಮ್ಮೆ ರಜಕ್ಕೆ ಬಂದವಳು ಅಮ್ಮನ ಫೋನಿಗೆ ಆ ಆಟ ಹಾಕಿಕೊಟ್ಟಳು. ಅದರಲ್ಲಿ ಒಬ್ಬೊಬ್ಬರಿಗೂ ಒಂದು ದೇಶ. ನಗರ ಕಟ್ಟಬೇಕು, ಗೋಧಿ ಬೆಳೆಯಬೇಕು, ಟ್ಯಾಂಕು ಮಾಡಬೇಕು. ಎಲ್ಲೆಲ್ಲಿಯೋ ಕೂತು ಆಡುವವರೆಲ್ಲ ಸೇರಿ ಮಿತ್ರಕೂಟ ಮಾಡಿಕೊಳ್ಳುತ್ತಾರೆ. ಶತ್ರು ಯಾವ ಹೊತ್ತಿನಲ್ಲಾದರೂ ಮೇಲೆ ಬೀಳಬಹುದು. ಅರ್ಧ ಗಂಟೆಯೊಳಗೆ ಮಿತ್ರರು ಸೈನ್ಯ ಕಳಿಸದಿದ್ದರೆ ಆ ನಗರ ಹೋದಂತೆಯೇ.

ಎರಡು ವರ್ಷದಲ್ಲಿ ಅಕ್ಕ ಒಂಬತ್ತು ನಗರ ಕಟ್ಟಿದಳು. ಮಗಳ ಫೋನು ಈಗ ಒಂದು ಗಂಟೆಗೆ ಮೊದಲು ಮುಗಿಯುತ್ತಿರಲಿಲ್ಲ. ಗೋಧಿ, ಟ್ಯಾಂಕು, ಅದರ ನಡುವೆ ಲ್ಯಾಬಿನ ಜಗಳ, ಬಾಡಿಗೆ ಮನೆಯ ನಲ್ಲಿ, ಯಾರೋ ಒಬ್ಬ ಹುಡುಗನ ಸುದ್ದಿ, ಎಲ್ಲಾ ಬರುತ್ತಿತ್ತು. ಆ ಒಂದು ಗಂಟೆಗಾಗಿ ಅಕ್ಕ ಇಡೀ ದಿನ ಕಾಯುತ್ತಿದ್ದಳು.

ಹಾಗಿರುವಾಗ ಮೂವತ್ತು ದೇಶಗಳ ಒಂದು ದೊಡ್ಡ ಕೂಟ ಇವರ ಹದಿನಾಲ್ಕು ದೇಶಗಳ ಮೇಲೆ ಯುದ್ಧ ಸಾರಿತು. ಹದಿನೈದು ದಿನ ಗಡುವು. ಸೋತರೆ ಎರಡು ವರ್ಷ ಕಟ್ಟಿದ್ದೆಲ್ಲ ಮಣ್ಣುಪಾಲು. ಇವರ ಕೂಟದ ನಾಯಕನಿಗೆ ಮೇಷ್ಟ್ರು ಅನ್ನುತ್ತಿದ್ದರು, ನಿಜ ಬದುಕಿನಲ್ಲೂ ಆತ ಲೆಕ್ಕದ ಮೇಷ್ಟ್ರೇ. ಆತ ಅಕ್ಕನಿಗೆ ಫೋನು ಮಾಡಿದ.

"ಅಕ್ಕ, ನಮ್ಮವರಲ್ಲಿ ಯಾರಿಗೆ ಎಷ್ಟು ಬಲ ಇದೆ ಅಂತ ನೂರಕ್ಕೆ ಇಷ್ಟು ಅಂತ ಅಂಕ ಹಾಕಿ ಒಂದು ಪಟ್ಟಿ ಮಾಡಿಕೊಡಿ. ಅದನ್ನ ನೋಡ್ಕೊಂಡು ಯಾರನ್ನ ಮುಂದಿನ ಸಾಲಿಗೆ ಹಾಕೋದು, ಯಾರನ್ನ ಹಿಂದೆ ಇಡೋದು ಅಂತ ತೀರ್ಮಾನ ಮಾಡ್ತೀನಿ."

"ಟ್ಯಾಂಕಿನ ಲೆಕ್ಕ ಆಟದಲ್ಲೇ ಬರುತ್ತಲ್ಲ ಮೇಷ್ಟ್ರೇ?"

"ಬರುತ್ತೆ. ಅದನ್ನ ನಂಬ್ತೀರಾ ನೀವು?"

ಅಕ್ಕನಿಗೆ ನಗು ಬಂತು. ಡಿಪೋದ ರಿಜಿಸ್ಟರಿನಲ್ಲಿ ಎಂಬತ್ತು ಬಸ್ಸಿವೆ. ಬೆಳಗ್ಗೆ ಸ್ಟಾರ್ಟ್ ಆಗುವುದು ಐವತ್ತೆಂಟು. ಯಾವುದು ಆಗುತ್ತದೆ ಅನ್ನುವುದು ರಿಜಿಸ್ಟರ್ ನೋಡಿದರೆ ತಿಳಿಯುವುದಿಲ್ಲ, ಹತ್ತಿ ಕೀಲಿ ತಿರುಗಿಸಬೇಕು.

ಅವಳು ಕೀಲಿ ತಿರುಗಿಸಿದಳು. ಹತ್ತು ದಿನ, ಯಾರಿಗೂ ಸುಳಿವು ಕೊಡದೆ, ಒಮ್ಮೆ ಮಧ್ಯಾಹ್ನ ಮೂರಕ್ಕೆ, ಒಮ್ಮೆ ಸಂಜೆ ಏಳಕ್ಕೆ, ಒಮ್ಮೆ ಬೆಳಗಿನ ಐದಕ್ಕೆ ಎಲ್ಲ ದೇಶಗಳಿಗೂ ಒಂದೇ ಸಂದೇಶ ಕಳಿಸಿದಳು: "ಅರ್ಜೆಂಟು. ಒಂದು ಮೂಟೆ ಗೋಧಿ ಕಳಿಸಿ." ಆಟದಲ್ಲಿ ಒಂದು ಮೂಟೆ ಅಂದರೆ ಏನೂ ಅಲ್ಲ, ಯಾರಿಗೂ ಭಾರವಲ್ಲ. ಎಷ್ಟು ನಿಮಿಷಕ್ಕೆ ಬಂತು ಅನ್ನುವುದನ್ನು ಹಳೆಯ ಡ್ಯೂಟಿ ಹಾಳೆಯ ಹಿಂಭಾಗದಲ್ಲಿ ಗುರುತು ಹಾಕಿಕೊಂಡಳು.

ಅಬ್ಬಾ, ಏನೇನು ಹೊರಬಿತ್ತು! ಗುಡುಗು ಅಂತ ಹೆಸರಿಟ್ಟುಕೊಂಡು ಸದಾ ಬಡಾಯಿ ಕೊಚ್ಚುತ್ತಿದ್ದ ಮಹಾಶಯ ಎರಡು ದಿನ ಬಿಟ್ಟು "ಯಾರಿದು?" ಅಂತ ಕೇಳಿದ. ಚಿಟಿಕೆ ಅಂತ ಒಬ್ಬಳಿದ್ದಳು, ಜೆರಾಕ್ಸ್ ಅಂಗಡಿಯವಳು, ದೇಶವೂ ಚಿಟಿಕೆಯಷ್ಟೇ. ಅವಳ ಮೂಟೆ ಪ್ರತಿ ಸಲವೂ ನಾಲ್ಕು ನಿಮಿಷದೊಳಗೆ ಹಾಜರ್. ಒಮ್ಮೆಯಂತೂ ಎರಡು ಮೂಟೆ ಕಳಿಸಿ "ಒಂದು ಸಾಕಾಗುತ್ತಾ ಅಕ್ಕ?" ಅಂತ ಬೇರೆ ಕೇಳಿದ್ದಳು. ಇನ್ನು ಇಡೀ ಕೂಟದಲ್ಲಿ ಅತಿ ದೊಡ್ಡ ಸೈನ್ಯ, ಒಂಬೈನೂರು ಟ್ಯಾಂಕು, ಇದ್ದದ್ದು ಮಗಳ ಹತ್ತಿರ. ಅವಳ ಮೂಟೆ ಬಂದದ್ದು ಹತ್ತೊಂಬತ್ತು ಗಂಟೆಯ ಮೇಲೆ. "ಸಾರಿ ಅಮ್ಮ, ಲ್ಯಾಬಲ್ಲಿದ್ದೆ." ಮುಂದಿನ ಸಲವೂ ಅಷ್ಟೇ, ಅದರ ಮುಂದಿನ ಸಲವೂ ಅಷ್ಟೇ.

ಪಟ್ಟಿ ಬರೆಯುವ ದಿನ ಅಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ಬಹಳ ಹೊತ್ತು ನಿಂತಳು. ಚಿಟಿಕೆಗೆ ತೊಂಬತ್ತೈದು. ಗುಡುಗಿಗೆ ಸೊನ್ನೆ. ಮಗಳ ಹೆಸರಿನ ಹತ್ತಿರ ಪೆನ್ನು ನಿಂತುಬಿಟ್ಟಿತು. ಹುಡುಗಿ ಮೊದಲೇ ಮುಂಗೋಪಿ. ಮುನಿಸಿಕೊಂಡು ಆಟ ಬಿಟ್ಟಳೋ, ಸಂಜೆಯ ಆ ಒಂದು ಗಂಟೆಯೂ ಹೋಯಿತು, ಮತ್ತೆ "ಊಟ ಆಯ್ತಾ"ಗೇ ಬಂದು ನಿಲ್ಲಬೇಕು. ಆದರೂ ಮುಖ ನೋಡಿ ಮಣೆ ಹಾಕಿ ಅಭ್ಯಾಸವಿಲ್ಲದ ಕೈ ಅದು. ಹತ್ತು ಅಂತ ಬರೆಯಿತು. ಕೊನೆಗೆ ತನ್ನ ದೇಶದ ಮುಂದೆ ತೊಂಬತ್ತು ಅಂತ ಬರೆದು ಅಡಿಗೆರೆ ಎಳೆದಳು. ತನ್ನ ಬಗ್ಗೆ ತನಗೆ ಗೊತ್ತಿಲ್ಲವೇ, ಅದಕ್ಕೆ ಗೋಧಿ ಮೂಟೆ ಯಾಕೆ?

ಪಟ್ಟಿ ಕೂಟದವರಿಗೆಲ್ಲ ಹೋದ ಕಾಲು ಗಂಟೆಗೆ ಮಗಳ ಫೋನು ಬಂತು.

"ಹತ್ತಾ? ಅಮ್ಮಾ, ಹತ್ತಾ? ಹದಿನಾಲ್ಕು ಜನರ ಮುಂದೆ ನನ್ನ ಮಾನ ತೆಗೆದೆಯಲ್ಲ!"

"ಟ್ಯಾಂಕು ನಿಂದು ಚೆನ್ನಾಗಿವೆ ಪುಟ್ಟಾ. ನೀನು ಸಿಗಲ್ಲ, ಅಷ್ಟೇ."

"ಆ ಚಿಟಿಕೆಗೆ ತೊಂಬತ್ತೈದು, ಹೆತ್ತ ಮಗಳಿಗೆ ಹತ್ತು. ಆಯ್ತು ಬಿಡು." ಫೋನು ಕಟ್.

ಮರುದಿನ ಮೇಷ್ಟ್ರು ಮೆತ್ತಗೆ ಕೇಳಿದ, "ಅಕ್ಕ, ಮಗಳು ಬೇಜಾರು ಮಾಡ್ಕೊಂಡಿದಾಳಂತೆ. ಐವತ್ತು ಅಂತ ಮಾಡಿಬಿಡೋಣವಾ?"

"ಐವತ್ತು ಅಂತ ಬರೆದ್ರೆ ಪಕ್ಕದ ದೇಶದವರು ಅವಳನ್ನ ನಂಬ್ಕೊಂಡು ನಿಲ್ತಾರೆ ಮೇಷ್ಟ್ರೇ. ಅವಳು ಬರೋ ಹೊತ್ತಿಗೆ ಅವರ ಕಥೆ ಮುಗಿದಿರುತ್ತೆ. ಆ ಪಾಪ ನನಗೆ ಬೇಡ."

ಆಮೇಲೆ ಸಂಜೆಗಳು ಖಾಲಿ. ಫೋನು ಗುಂಡುಕಲ್ಲಿನ ಹಾಗೆ ಬಿದ್ದಿರುತ್ತಿತ್ತು. ಗಂಡ ಅನ್ನ ಕಲಸುತ್ತಾ ಅಂದ, "ಇಪ್ಪತ್ತೈದು ವರ್ಷ ನಾನು ಏನು ಅನುಭವಿಸಿದೆ ಅಂತ ಈಗ ಅವಳಿಗೂ ಗೊತ್ತಾಯ್ತು ಬಿಡು." ಅಕ್ಕನಿಗೆ ನಗು ಬರಲಿಲ್ಲ. ಅವನೇ ಎದ್ದು ಅವಳ ತಟ್ಟೆಯನ್ನೂ ತೊಳೆದಿಟ್ಟ.

ಶನಿವಾರ ಸಂಜೆ ಯುದ್ಧ ಶುರುವಾಯಿತು. ಶತ್ರುಗಳು ಇವರ ಟ್ಯಾಂಕಿನ ಲೆಕ್ಕ ನೋಡಿ, ಮುಂದಿನ ಸಾಲಿನಲ್ಲಿ ಪುಡಿ ದೇಶಗಳೇ ಇವೆ, ಒಂದು ತುತ್ತಿಗೂ ಸಾಲವು ಅಂದುಕೊಂಡರು. ಆದರೆ ಆ ಪುಡಿ ದೇಶಗಳು ಕರೆದ ಐದು ನಿಮಿಷಕ್ಕೆ ಒಂದರ ಬೆನ್ನಿಗೆ ಇನ್ನೊಂದು ಬಂದು ನಿಂತವು. ಭಾನುವಾರ ಇಡೀ ದಿನ ಒಂದೇ ಒಂದು ನಗರ ಬೀಳಲಿಲ್ಲ. ಗುಡುಗು ಪತ್ತೆಯೇ ಇಲ್ಲ, ಅವನಿಗಾಗಿ ಯಾರೂ ಕಾದಿರಲೂ ಇಲ್ಲ. ಮಗಳ ಒಂಬೈನೂರು ಟ್ಯಾಂಕು ಭಾನುವಾರ ಸಂಜೆ ಬಂದವು, ಹಿಂದಿನ ಸಾಲಿನವರು ಬರಬೇಕಾದ ಹೊತ್ತಿಗೆ ಸರಿಯಾಗಿ. ಬಂದು ಶತ್ರುಗಳನ್ನು ಬೆನ್ನಟ್ಟಿದವು. ಅಮ್ಮನಿಗೆ ಮಾತ್ರ ಒಂದು ಮಾತಿಲ್ಲ.

ಸೋಮವಾರ ಅಕ್ಕ ಎಂದಿನಂತೆ ಬೆಳಗ್ಗೆ ಆರಕ್ಕೆ ಡಿಪೋದ ಕಿಟಕಿಯಲ್ಲಿ ಕೂತಳು. ಎಂದಿನಂತೆ ಫೋನನ್ನು ಡ್ರಾಯರಿಗೆ ಹಾಕಿದಳು. ಕೆಲಸದ ಹೊತ್ತಲ್ಲಿ ಫೋನು ಮುಟ್ಟಬಾರದು ಅನ್ನುವುದು ಡಿಪೋದ ಕಾನೂನಲ್ಲ, ಅವಳೇ ಮಾಡಿಕೊಂಡ ಕಾನೂನು. ಹನ್ನೊಂದು ಗಂಟೆಗೆ ಶತ್ರು ಬಿದ್ದದ್ದು ಅವಳ ದೇಶದ ಮೇಲೆಯೇ. ತೊಂಬತ್ತು ಅಂಕದ ದೇಶ, ಅದನ್ನು ನಂಬಿ ಉಳಿದವರು ಆ ಕಡೆಗೆ ಬೆನ್ನು ಹಾಕಿ ನಿಂತಿದ್ದರು. ಚಿಟಿಕೆಯೊಬ್ಬಳೇ ಓಡಿಬಂದು ತನ್ನ ಅರ್ಧ ಸೈನ್ಯ ಕಳೆದುಕೊಂಡಳು. ಎರಡು ಗಂಟೆಗೆ ಡ್ರಾಯರು ತೆಗೆದರೆ ಅರವತ್ತೊಂದು ಸಂದೇಶ, ಒಂಬತ್ತರಲ್ಲಿ ನಾಲ್ಕು ನಗರ ಇಲ್ಲ. ಅಕ್ಕನ ಕಿವಿ ಕೆಂಪಾದವು.

ಉಳಿದ ಸಾಲನ್ನು ಮುರಿಯಲಾಗದೆ ಮಂಗಳವಾರ ಶತ್ರುಗಳು ಸಂಧಿಗೆ ಬಂದರು. ಇವರು ಗೆದ್ದಿದ್ದರು! ಹದಿನಾಲ್ಕು ದೇಶ ಮೂವತ್ತನ್ನು ಮಣಿಸಿತ್ತು. ಮೇಷ್ಟ್ರು ಎಲ್ಲರಿಗೂ ಬರೆದ: "ಅಕ್ಕನ ಪಟ್ಟಿ ಇಲ್ಲದಿದ್ದರೆ ನಾವ್ಯಾರೂ ಉಳಿಯುತ್ತಿರಲಿಲ್ಲ." ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಸೋಮವಾರದ ಸುದ್ದಿ ಯಾರೂ ಎತ್ತಲಿಲ್ಲ. ಅವಳೇ ಎತ್ತಿದರೆ, "ಅಯ್ಯೋ ಬಿಡಿ ಅಕ್ಕ, ಅದೇನು ದೊಡ್ಡದು" ಅಂದರು. ಅವರ ಆ ದೊಡ್ಡತನ ಅವಳಿಗೆ ಮುಳ್ಳಾಗಿ ಚುಚ್ಚಿತು.

ಮುಂದಿನ ಪಟ್ಟಿ ನಾನು ಮಾಡ್ತೀನಿ ಅಂತ ಮಗಳು ಮೇಷ್ಟ್ರಿಗೆ ಹೇಳಿದ್ದು ಅಕ್ಕನಿಗೆ ಗೊತ್ತಿರಲಿಲ್ಲ. ಹತ್ತು ದಿನದ ಮೇಲೆ ಪಟ್ಟಿ ಬಂದಾಗಲೇ ತಿಳಿದದ್ದು. ಚಿಟಿಕೆ ತೊಂಬತ್ತೆಂಟು. ಮಗಳು ತನಗೆ ತಾನೇ ಹಾಕಿಕೊಂಡದ್ದು ಹನ್ನೆರಡು. ಅದರ ಕೆಳಗೆ ಹೀಗಿತ್ತು:

"ಅಮ್ಮನ ದೇಶ: ಇಪ್ಪತ್ತು. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಲೆಕ್ಕಕ್ಕಿಲ್ಲ. ತಿಂಡಿಯ ಹೊತ್ತಿನಲ್ಲಿ ಸಿಗಬಹುದು. ಬೇರೆಯವರನ್ನು ಪರೀಕ್ಷೆ ಮಾಡಿದರು, ತಮ್ಮನ್ನು ಮಾಡಿಕೊಳ್ಳಲಿಲ್ಲ."

ಅಕ್ಕನಿಗೆ ಮೊದಲು ಮೈ ಉರಿಯಿತು. ಇಪ್ಪತ್ತಾ? ನನಗಾ? ಇನ್ನೊಮ್ಮೆ ಓದಿದಳು. ತಪ್ಪು ಹುಡುಕಿದಳು, ಸಿಗಲಿಲ್ಲ. ಮೂರನೆಯ ಸಲ ಓದುವಾಗ ಎದೆ ತುಂಬಿ ಬಂತು. ಹೊಗಳುವವರು ಹನ್ನೆರಡು ಜನ ಇದ್ದರು, ಸತ್ಯ ಬರೆಯಲು ಒಬ್ಬಳೇ ಇದ್ದಳು, ಆ ಒಬ್ಬಳನ್ನು ಹೆತ್ತವಳು ತಾನು. ಗಂಡನನ್ನು ಕೂಗಿ ಕರೆದು ಫೋನು ಅವನ ಮೂಗಿಗೆ ಹಿಡಿದಳು. "ನೋಡ್ರೀ, ಇಪ್ಪತ್ತು ಹಾಕಿದಾಳೆ ನನಗೆ! ಸ್ವಂತ ಅಮ್ಮ ಅಂತ ಒಂದು ಚೂರೂ ನೋಡಿಲ್ಲ!" ಇಷ್ಟು ಸಂತೋಷದಲ್ಲಿ ಅವಳನ್ನು ಆತ ನೋಡಿ ಎಷ್ಟೋ ದಿನವಾಗಿತ್ತು.

ಅವಳೇ ಮಗಳಿಗೆ ಫೋನು ಹಚ್ಚಿದಳು.

"ಬೇಜಾರಾಯ್ತಾ ಅಮ್ಮ?"

"ಬೇಜಾರೇನೂ ಇಲ್ಲ, ಪಟ್ಟೀಲಿ ಒಂದು ತಪ್ಪಿದೆ," ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. "ತಿಂಡಿ ಹೊತ್ತಲ್ಲಿ ಸಿಗಬಹುದು ಅಂತ ಬರೆದಿದ್ದೀಯ. ಯಾರೇ ಹೇಳಿದ್ದು ನಿನಗೆ? ತಿಂಡಿ ತಿನ್ನುವಾಗಲೂ ನಾನು ಡ್ರಾಯರು ತೆಗೆಯಲ್ಲ. ಇಪ್ಪತ್ತು ಜಾಸ್ತಿಯಾಯ್ತು. ಹದಿನೈದು ಮಾಡು."