ಅವ್ವನಿಗೆ ಸುತ್ತಿದ್ದ ಒದ್ದೆ ಬಟ್ಟೆ

ಅವತ್ತು ವಡೋದರಾದಲ್ಲಿ ಎಂದಿನಂತೆಯೇ ಬೆಳಗಾಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಣ್ಣ ಬಕೆಟ್ಟಿನಲ್ಲಿ ನೀರು ಹಿಡಿದು ತನ್ನ ಕೆಲಸದ ಕೋಣೆಗೆ ಹೊರಟಿದ್ದ.

"ಎದಕಣ್ಣಾ ಅಷ್ಟು ನೀರು?"

"ಅವ್ವಗ ಹಾಕಾಕ. ಒಂದಿನ ತಪ್ಪಿದ್ರೂ ಸಿಟ್ಟಿಗೇಳ್ತಾಳ."

"ನನಗೂ ತೋರ್ಸು."

"ಮುಗೀಲಿ ತಡಿಯವ್ವ. ಅರ್ಧ ನೋಡಿ ಊರಿಗೆಲ್ಲ ಫೋನ್ ಹಚ್ತಿ."

ಮರುದಿನ ಅಣ್ಣ ಏಳಲಿಲ್ಲ.

ಒಂಟಿಯಾಗಿದ್ದ ಅವನಿಗೆ ಅಡುಗೆ ಮಾಡಿ ಹಾಕಲು ಗದ್ವಾಲದ ನೇಕಾರರ ಓಣಿಯಿಂದ ನಾನು ಬಂದು ಎಂಟು ತಿಂಗಳಾಗಿತ್ತು. ಇಲ್ಲಿ ಬೇಳೆಗೂ ಬೆಲ್ಲ ಹಾಕುತ್ತಾರೆ. ಗುರುತಿಲ್ಲದವರೂ 'ಬೆನ್' ಎನ್ನುತ್ತಾರೆ, ಅಕ್ಕ ಎಂದಂತೆ.

ನಮ್ಮ ಕಡೆ ದೇವರಲ್ಲದ ಮೂರ್ತಿಯನ್ನು ಮೊದಲು ಕಡೆದವನು ಅಣ್ಣ. ಹತ್ತಿರದ ಮಖ್ತಲ್‌ನಿಂದ ತಂದ ಕಲ್ಲಿನಲ್ಲಿ ಬಿಸಿಲಿಗೆ ಕುಳಿತ ಹೆಂಗಸನ್ನು ಕಡೆದು ಮನೆ ಮುಂದಿಟ್ಟರೆ, ಜನ "ಯಾವ ದ್ಯಾವ್ರಿದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುಂಕುಮ ಹಚ್ಚಿ ಹೋದರು. ಇಲ್ಲಿನವರು ದೂರ ನಿಂತು ತಲೆ ಓರೆ ಮಾಡಿ ನೋಡುತ್ತಾರೆ, ಮುಟ್ಟುವುದಿಲ್ಲ.

ಕೊನೆಗೆ ಅವನು ಮಾಡುತ್ತಿದ್ದುದು ನಮ್ಮ ಅವ್ವನನ್ನು, ಹಸಿ ಮಣ್ಣಿನಲ್ಲಿ. ನನಗೆ ಎರಡು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಫೋಟೊ ಒಂದೂ ಇಲ್ಲ. ಅವಳ ಮುಖ ಅಣ್ಣನ ನೆನಪಿನಲ್ಲಷ್ಟೇ ಇತ್ತು.

ಅವನು ಹೋದ ಮೂರನೆಯ ದಿನ ಆ ಕೋಣೆಯ ಬಾಗಿಲು ತೆಗೆದೆ. ಮೂರ್ತಿಗೆ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಒದ್ದೆ ಬಟ್ಟೆ ಸುತ್ತಿತ್ತು. ನಾವು ರೇಷ್ಮೆ ನೇಯುವವರು. ಮಗ್ಗದ ಹತ್ತಿರ ಒದ್ದೆ ಬಟ್ಟೆ ಬಿಟ್ಟರೆ ಬೈಸಿಕೊಂಡು ಬೆಳೆದವಳು ನಾನು. ಎಲ್ಲ ಬಿಚ್ಚಿದೆ. ಬಟ್ಟೆ ಒಗೆದು, ಒಣಗಿಸಿ, ಮಡಚಿಟ್ಟೆ. ಗಾಳಿಯಾಡಲೆಂದು ಕಿಟಕಿಗಳನ್ನೂ ತೆರೆದೆ.

ಅವ್ವ ಮಗ್ಗದ ಮುಂದೆ ಕುಳಿತಿದ್ದಳು. ನೋಡುತ್ತ ನಾನೂ ನೆಲದ ಮೇಲೆ ಕುಳಿತುಬಿಟ್ಟೆ. ಫೋಟೊ ತೆಗೆಯಬೇಕೆಂದು ಹೊಳೆಯಲಿಲ್ಲ. ಇಲ್ಲೇ ಇರುತ್ತಾಳಲ್ಲ ಎಂದುಕೊಂಡೆ. ಆಮೇಲೆ ಬರುವವರು, ಹೋಗುವವರು, ಕರ್ಮದ ಓಡಾಟ. ಕೋಣೆಯ ಕಡೆ ಹೋಗಲಾಗಲಿಲ್ಲ.

ಹನ್ನೊಂದನೆಯ ದಿನ, ಅಣ್ಣನ ಜೊತೆ ದುಡಿದ ಹಿರಿಯರೊಬ್ಬರು ಮಣ್ಣಿನ ಮೂರ್ತಿಗೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯಲು ಬಂದರು. ಒಳಗೆ ಹೋದವರೇ ಕೂಗಿದರು: "ಬೆನ್! ಭೀನು ಕಪಡು ಕ್ಯಾಂ?" ಒದ್ದೆ ಬಟ್ಟೆ ಎಲ್ಲಿ ಎಂದು. ನಾನು ಮಡಚಿಟ್ಟಿದ್ದ ಬಟ್ಟೆಗಳನ್ನು ತಂದು ಅವರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

ಅವ್ವನ ಮುಖ ಹೆಂಟೆ ಹೆಂಟೆಯಾಗಿ ನೆಲದ ಮೇಲೆ ಬಿದ್ದಿತ್ತು. ಒಣಗಿದರೆ ಮಣ್ಣು ಕುಗ್ಗುತ್ತದೆ, ಒಳಗೆ ಆಧಾರಕ್ಕಿಟ್ಟ ಕಬ್ಬಿಣ ಕುಗ್ಗುವುದಿಲ್ಲ, ಮಣ್ಣು ಬಿರಿದು ಉದುರುತ್ತದೆ, ಅದಕ್ಕೇ ದಿನಾ ನೀರು ಎಂದು ಅವರು ಮೆಲ್ಲಗೆ ತಿಳಿಸಿ ಹೇಳಿದರು. ಅಣ್ಣನೂ ಹೇಳಿದ್ದ. ನಾನು ತಮಾಷೆ ಅಂದುಕೊಂಡಿದ್ದೆ.

"ಬಂದುಬಿಡಕ್ಕ, ಅಲ್ಲೇನೈತಿ ಇನ್ನ?" ಎಂದು ಚಿಕ್ಕಪ್ಪನ ಮಗಳು ಗದ್ವಾಲದಿಂದ ಫೋನಿನಲ್ಲಿ ಕೇಳುತ್ತಾಳೆ. ಅಲ್ಲಿ ಅವ್ವ ಕೂರುತ್ತಿದ್ದ ಮಗ್ಗ ಇದೆ. ಇಲ್ಲಿ, ಆ ಹಿರಿಯರು ಅಚ್ಚು ತೆಗೆದು ಉಳಿಸಿಕೊಟ್ಟ ಅವಳ ಎರಡು ಕೈಗಳಿವೆ.

ಮುಖ ಇಲ್ಲ.