ಗಳು ನೆಡದ ಬಂಡೆ

ಯಾರ ಕಣ್ಣಿಗೂ ಬೀಳದ ದ್ವೀಪ ಭೂಮಿಯ ಮೇಲೆ ಇನ್ನೂ ಉಳಿದಿದೆಯೇ ಎಂದು ಓದಿದವರು ತಲೆ ಕೆಡಿಸಿಕೊಳ್ಳುತ್ತಾರೆ. ಫಿನ್ಲೆಂಡಿನ ಪಡುಗಡಲಿನ ಹೆಲ್ವಿಕ್ ಎಂಬ ಊರಿನಲ್ಲಿ ಅದು ದೊಡ್ಡ ಮಾತಲ್ಲ. ಅಲ್ಲಿ ಕಡಲತಳವೇ ವರ್ಷವರ್ಷ ಇಷ್ಟಿಷ್ಟು ಮೇಲೇಳುತ್ತದೆ. ಅಜ್ಜ ದೋಣಿ ಕಟ್ಟಿದ ಕಡೆ ಮೊಮ್ಮಗ ಹಸು ಕಟ್ಟುತ್ತಾನೆ. ನೀರಡಿಯ ಹೊಸ ಬಂಡೆಯನ್ನು ಮೊದಲು ಕಂಡವನು ಅಲ್ಲೊಂದು ಗಳು, ಎಂದರೆ ಉದ್ದನೆಯ ಮರದ ಕೋಲು, ನೆಟ್ಟು ಊರಿಗೆ ತಿಳಿಸಬೇಕು. ಬಂಡೆ ನೀರಿನಿಂದ ತಲೆ ಎತ್ತಿದಾಗ ಅದಕ್ಕೆ ಅವನದೇ ಹೆಸರು.

ಆ ಊರಿನ ಮೀನುಗಾರ ಆಲ್ಗೋತ್ ಮಾತ್ರ ಗಳು ನೆಡಲಿಲ್ಲ. ಹರೆಯದಲ್ಲಿ ಒಮ್ಮೆ, ಯಾರೂ ಹಾಯದ ಮೂಲೆಯಲ್ಲಿ, ಅವನ ದೋಣಿಯ ತಳವನ್ನು ಬಂಡೆಯೊಂದು ಸವರಿತು. ಬಲೆ ಬಿಟ್ಟರೆ ಮೀನು ರಾಶಿರಾಶಿ. ಗಳು ಕಂಡರೆ ಊರೆಲ್ಲ ಅಲ್ಲಿಗೇ ಮುಗಿಬೀಳುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡ. ಒಡಹುಟ್ಟಿದ ತಮ್ಮ ಯಾಲ್ಮರನಿಗೂ ಹೇಳಲಿಲ್ಲ. ಮೀನಿನ ಜಾಗ ಬಚ್ಚಿಡುವುದು ಆ ಜನಕ್ಕೆ ರಕ್ತದಲ್ಲೇ ಬಂದ ಚಟ.

ಮುಂದೊಂದು ಶರತ್ಕಾಲ, ಬಿರುಗಾಳಿಗೆ ಸಿಕ್ಕ ಯಾಲ್ಮರ್ ಬೇಗ ಮನೆ ಸೇರಲೆಂದು ಆ ಮೂಲೆಯ ಅಡ್ಡದಾರಿ ಹಿಡಿದ. ಹೊಟ್ಟೆ ಸೀಳಿದ ದೋಣಿ ದಡಕ್ಕೆ ಬಂತು, ತಳದ ಕಬ್ಬಿಣದ ಪಟ್ಟಿ ಕಿತ್ತುಹೋಗಿತ್ತು. ಅವನು ಬರಲಿಲ್ಲ. ತೇಲುವ ಮರ ಬಡಿದಿರಬೇಕು ಎಂದು ಊರು ಮಾತಾಡಿಕೊಂಡಿತು. ಅವನ ಹೆಂಡತಿ ಜೆನ್ನಿ ಮಾತ್ರ ಆಲ್ಗೋತನ ಬಾಗಿಲಿಗೆ ಬಂದಳು.

“ಭಾವ, ಆ ಕಡೆ ಬಂಡೆಗಿಂಡೆ ಏನಾದ್ರೂ ಇದ್ಯಾ?”

“ಇಲ್ಲಮ್ಮ. ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?”

ಆಮೇಲೆ ಅವನು ಆ ದಿಕ್ಕಿಗೆ ದೋಣಿ ತಿರುಗಿಸಲಿಲ್ಲ. ಜೆನ್ನಿಗೆ ಸೌದೆ ಒಡೆದುಕೊಟ್ಟ, ಚಳಿಗಾಲಕ್ಕೆ ಉಪ್ಪುಮೀನು ತುಂಬಿಕೊಟ್ಟ. ಇಂಥ ಭಾವ ಸಿಗಲು ಪುಣ್ಯ ಮಾಡಿರಬೇಕು ಎಂದು ಊರು ಹೊಗಳಿದಾಗಲೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬಂಡೆ ಏಳುತ್ತಿತ್ತಲ್ಲ, ಅದೇ ಹೆದರಿಕೆ. ತಾನು ಸಾಯುವ ತನಕ ಅದು ನೀರಡಿಯೇ ಇರಲಿ ಎಂದು ಚರ್ಚಿನಲ್ಲಿ ಬೇಡಿಕೊಳ್ಳುತ್ತಿದ್ದ.

ಬಂಡೆ ಕಾಯಲಿಲ್ಲ. ಅವನು ಮುದುಕನಾದ ಮೇಲೆ ಒಂದು ಬೇಸಿಗೆಯಲ್ಲಿ ಕಡಲಹಕ್ಕಿಗಳು ಅದರ ಮೇಲೆ ಕೂತವು. ನಕ್ಷೆ ಮಾಡುವವರು ಬಂದರು. ಊರೇ ದೋಣಿ ತೆಗೆಯಿತು; ಹಿರಿಯನೆಂದು ಆಲ್ಗೋತನನ್ನೂ ಕೈಹಿಡಿದು ಕೂರಿಸಿಕೊಂಡರು.

ಬಂಡೆಯ ಬಿರುಕಿನಲ್ಲಿ ಯಾಲ್ಮರನ ದೋಣಿಯ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಮೀಟಿ ತೆಗೆದರೆ ಅದರಡಿ ಬಲೆಗೆ ಕಟ್ಟುವ ಕಲ್ಲು. ಆ ಊರಿನವರು ಬಲೆಗಲ್ಲಿನ ಮೇಲೆ ಮನೆಯ ಗುರುತು ಕೆತ್ತುತ್ತಾರೆ: ಹಿರಿಮಗನಿಗೆ ಅಪ್ಪನ ಗುರುತು, ಕಿರಿಯನಿಗೆ ಅದರ ಜೊತೆ ಇನ್ನೊಂದು ಗೀಟು. ಈ ಕಲ್ಲಿನಲ್ಲಿ ಗಂಡನ ಮನೆಯ ಗುರುತನ್ನು ಜೆನ್ನಿ ಕಂಡಳು. ಕಿರಿಯನ ಗೀಟು ಇರಲಿಲ್ಲ; ಅದು ಹಿರಿಯನ ಕಲ್ಲು. ಕಬ್ಬಿಣದ ಕೆಳಗಿದ್ದ ಕಲ್ಲು ಕಬ್ಬಿಣಕ್ಕಿಂತ ಮೊದಲೇ ಬಿದ್ದದ್ದು. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಕ್ಷೆಯವನು ಏನು ಹೆಸರು ಬರೆಯಲಿ ಎಂದು ಕೇಳಿದ. ಯಾಲ್ಮರನ ಹೆಸರೇ ಇರಲಿ ಎಂದು ನಾಲ್ಕಾರು ಜನ ಅಂದರು.

“ಬೇಡ,” ಎಂದಳು ಜೆನ್ನಿ. “ಮೊದ್ಲು ಕಂಡೋರ ಹೆಸರು ತಾನೆ ಇಡೋದು? ಆಲ್ಗೋತನ ಬಂಡೆ ಅಂತ ಬರ್ಕೊಳ್ಳಿ.”

ಕಲ್ಲನ್ನು ದೋಣಿಯಲ್ಲಿ ಕೂತಿದ್ದ ಭಾವನ ತೊಡೆಯ ಮೇಲಿಟ್ಟು ಅವಳು ಬೇರೆ ದೋಣಿ ಹತ್ತಿದಳು. ದಡದಲ್ಲಿ ಇಳಿಯುವಾಗ ಅವನ ಕೈ ಹಿಡಿಯಲು ಯಾರೂ ಬರಲಿಲ್ಲ. ನಕ್ಷೆಯಲ್ಲಿ ಅವನ ಹೆಸರಿದೆ. ಬಂಡೆ ಈಗಲೂ ಏಳುತ್ತಿದೆ.